ಫ್ರೆಡ್ಡಿ ಗೆಲ್ತಾನಾ, ಜೇಸನ್ ಗೆಲ್ತಾನಾ?

ಹತ್ತು–ಹನ್ನೆರಡು ವರ್ಷದ ನಾಲ್ಕು ಮಕ್ಕಳು ಒಂದೆಡೆ ಸೇರಿದರೆ ಈಚೆಗೆ ಈ ವಾದ ಶುರುವಾಗುವುದುಂಟು. ಪೆನ್ನಿವೈಸ್ ಎಂಬ ಕೋಡಂಗಿಗೂ ಫ್ರೆಡ್ಡಿ ಕ್ರೂಗರ್‌ಗೂ ಜಗಳ ಬಿದ್ದರೆ ಗೆಲ್ಲುವವರು ಯಾರು? ಶಕ್ತಿ ಇರುವುದು ಆನಾಬೆಲ್ ಗೊಂಬೆಗೋ, ಅದರ ಹಿಂದೆ ನಿಂತ ಪಿಶಾಚಿಗೋ? ಟಿ.ವಿ.ಯಿಂದ ತೆವಳಿ ಬರುವ ಸದಾಕೋ ಮೊಬೈಲಿನಿಂದಲೂ ಬರಬಲ್ಲಳೇ? ಅಡುಗೆಮನೆಯಿಂದ ಇದನ್ನು ಕೇಳಿಸಿಕೊಳ್ಳುವ ತಾಯಿಗೆ ಎದೆ ಧಸಕ್ಕೆನ್ನುತ್ತದೆ. ಮಗ್ಗಿ ತಪ್ಪುವ ಮಗನಿಗೆ ಕೊಲೆಗಡುಕ ದೆವ್ವಗಳ ಜಾತಕವೆಲ್ಲ ಬಾಯಿಪಾಠ. ರಾತ್ರಿ ಹತ್ತಕ್ಕೆ ಅದೇ ಮಗ ಬಚ್ಚಲಮನೆಗೆ ಒಬ್ಬನೇ ಹೋಗಲೊಲ್ಲ.

ಸಲಹೆ ಕೇಳಿಕೊಂಡು ಬರುವ ಪೋಷಕರು ಸಾಮಾನ್ಯವಾಗಿ ಎರಡು ಪ್ರಶ್ನೆ ಹೊತ್ತು ತರುತ್ತಾರೆ. ಇಂಥ ಕ್ರೂರಿಗಳ ಮೇಲೆ ಇಷ್ಟು ಆಸಕ್ತಿ ಇದ್ದರೆ ಮಗುವಿನ ಮನಸ್ಸು ಕೆಡುವುದಿಲ್ಲವೇ? ಇಷ್ಟೊಂದು ಹೆದರುವವನು ಮತ್ತೆ ಮತ್ತೆ ಅದನ್ನೇ ಏಕೆ ಮಾತಾಡುತ್ತಾನೆ? ಎರಡನೆಯದಕ್ಕೆ ಉತ್ತರ ಸಿಕ್ಕರೆ ಮೊದಲನೆಯದರ ಭಾರ ಬಹುಮಟ್ಟಿಗೆ ತಾನೇ ಇಳಿಯುತ್ತದೆ.

ಈ ಖಳರ ಬಗ್ಗೆ ಮಗು ಏನನ್ನು ನೆನಪಿಟ್ಟುಕೊಂಡಿದೆ ಎಂಬುದನ್ನು ಗಮನಿಸಿ. ಅದು ಹೇಳುವುದೆಲ್ಲ ನಿಯಮಗಳು. ಫ್ರೆಡ್ಡಿ ಬರುವುದು ನಿದ್ದೆಯಲ್ಲಿ ಮಾತ್ರ, ಎಚ್ಚರವಾಗಿದ್ದವರನ್ನು ಮುಟ್ಟಲಾರ. ಪೆನ್ನಿವೈಸ್ ಏಳುವುದು 27 ವರ್ಷಕ್ಕೊಮ್ಮೆ, ಎದುರಿಗಿರುವವರ ಭಯದ ರೂಪ ತಾಳುತ್ತಾನೆ, ಹೆದರದವರ ಮುಂದೆ ಸೊರಗುತ್ತಾನೆ. ಸದಾಕೋಳ ವಿಡಿಯೊ ಟೇಪ್ ನೋಡಿದವರಿಗೆ ಏಳು ದಿನದ ಗಡುವು. ಚಕ್ಕಿ ಗೊಂಬೆಯೊಳಗಿನ ಕೊಲೆಗಾರ, ತಾನು ಯಾರೆಂದು ಮೊದಲು ಯಾರಿಗೆ ಹೇಳಿದನೋ ಅವರ ದೇಹಕ್ಕಷ್ಟೇ ದಾಟಬಲ್ಲ. ಜೇಸನ್ ವೂರ್ಹೀಸ್ ಮಾತಾಡುವುದಿಲ್ಲ, ಸಾಯುವುದೂ ಇಲ್ಲ. ಅವನ ಜಾಗ ಕ್ರಿಸ್ಟಲ್ ಲೇಕ್ ಎಂಬ ಕೆರೆಯ ಸುತ್ತಮುತ್ತ. ಪ್ರತಿಯೊಂದು ನಿಯಮವೂ ಆ ಖಳ ಎಲ್ಲಿಯವರೆಗೆ ಬರಬಲ್ಲ, ಎಲ್ಲಿಗೆ ಬರಲಾರ ಎಂಬ ಗಡಿ. ಗಡಿ ಗೊತ್ತಿಲ್ಲದ ಭಯ ಮನೆಯೆಲ್ಲ ತುಂಬಿಕೊಳ್ಳುತ್ತದೆ. ಗಡಿ ಗೊತ್ತಾದರೆ ಅದು ಒಂದು ಮೂಲೆಗೆ ಸರಿಯುತ್ತದೆ. ಯಾರು ಬಲಿಷ್ಠರೆಂದು ವಾದಿಸುವ ಮಗು, ಕ್ರೌರ್ಯವನ್ನು ಮೆಚ್ಚಿ ಕುಳಿತಿದೆ ಎನ್ನುವುದಕ್ಕಿಂತ, ತನ್ನ ಭಯಕ್ಕೆ ಬೇಲಿ ಹಾಕುತ್ತಿದೆ ಎನ್ನುವುದೇ ಹೆಚ್ಚು ಸರಿ.

ಇದು ಮಕ್ಕಳಷ್ಟೇ ಮಾಡುವ ಕೆಲಸವೂ ಅಲ್ಲ. ಇದೇ ಪ್ರಶ್ನೆಯನ್ನು ಹಿಡಿದು ಹಾಲಿವುಡ್ 2003ರಲ್ಲಿ ‘ಫ್ರೆಡ್ಡಿ ವರ್ಸಸ್ ಜೇಸನ್’ ತೆಗೆಯಿತು. ಜಪಾನಿನವರು 2016ರಲ್ಲಿ ಸದಾಕೋಳನ್ನು ‘ಜು-ಆನ್’ ಸರಣಿಯ ಕಯಾಕೋ ಎದುರು ನಿಲ್ಲಿಸಿದರು. ಮೊದಲನೆಯದರ ಕೊನೆಯಲ್ಲಿ ಜೇಸನ್ ಕೆರೆಯಿಂದ ಮೇಲೆದ್ದು ಬರುತ್ತಾನೆ, ಕೈಯಲ್ಲಿ ಫ್ರೆಡ್ಡಿಯ ತಲೆ. ಆ ತಲೆ ಪ್ರೇಕ್ಷಕರತ್ತ ಕಣ್ಣು ಹೊಡೆಯುತ್ತದೆ. ಗೆದ್ದವರು ಯಾರೆಂದು ಇಂದಿಗೂ ವಾದ ನಿಂತಿಲ್ಲ. ನಿಲ್ಲಬಾರದೆಂದೇ ಹಾಗೆ ಮಾಡಿದ್ದು ಎನ್ನಿ.

ಎಲ್ಲ ಖಳರೂ ಎಲ್ಲ ವಯಸ್ಸಿನವರನ್ನೂ ಒಂದೇ ರೀತಿ ಹೆದರಿಸುವುದಿಲ್ಲ. ಅಮೆರಿಕದ ಸಂಶೋಧಕಿ ಜೋಆನ್ ಕ್ಯಾಂಟರ್ ಸಿನಿಮಾ–ಟಿ.ವಿ. ನೋಡಿ ಮಕ್ಕಳು ಹೆದರುವ ಬಗೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಸುಮಾರು ಏಳರೊಳಗಿನ ಮಕ್ಕಳು ಹೆದರುವುದು ಕಣ್ಣಿಗೆ ಕಾಣುವ ರೂಪಕ್ಕೆ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ‘ಇನ್‌ಕ್ರೆಡಿಬಲ್ ಹಲ್ಕ್’ ಧಾರಾವಾಹಿಯ ನಾಯಕ ಒಳ್ಳೆಯವನೇ, ಜನರನ್ನು ಕಾಪಾಡುವವನೇ. ಆದರೂ ಅವನು ಹಸಿರು ದೈತ್ಯನಾಗಿ ಬದಲಾಗುವ ದೃಶ್ಯಕ್ಕೆ ಪುಟ್ಟ ಮಕ್ಕಳು ನಡುಗಿದರು. ಕತೆಯಲ್ಲಿ ಅವನು ಯಾರ ಪಕ್ಷ ಎಂಬುದು ಅವರ ಲೆಕ್ಕಕ್ಕೇ ಬರಲಿಲ್ಲ. ಆದ್ದರಿಂದ ಚಿಕ್ಕ ಮಕ್ಕಳಿಗೆ ಚಕ್ಕಿ, ಆನಾಬೆಲ್, ಪೆನ್ನಿವೈಸ್ ಮೂವರೂ ಕಷ್ಟ. ಗೊಂಬೆ, ಕೋಡಂಗಿ ಎಂದರೆ ಅವರು ನಂಬಿದ ವಸ್ತುಗಳು. ನಂಬಿದ ಮುಖವೇ ಹಲ್ಲು ಕಿಸಿದರೆ ಓಡುವುದೆಲ್ಲಿಗೆ?

ಇಲ್ಲೊಂದು ಸ್ವಾರಸ್ಯವಿದೆ. ದೆವ್ವಗಳ ಶೋಧಕರೆಂದು ಹೇಳಿಕೊಂಡ ಎಡ್ ಮತ್ತು ಲೊರೇನ್ ವಾರೆನ್ ದಂಪತಿ ತಮ್ಮ ಬಳಿ ಇಟ್ಟುಕೊಂಡಿದ್ದ ನಿಜವಾದ ‘ಆನಾಬೆಲ್’, ನೂಲಿನ ಕೆಂಪು ಕೂದಲಿನ ಸಾಮಾನ್ಯ ಬಟ್ಟೆಗೊಂಬೆ. 2013ರ ‘ದಿ ಕಾಂಜ್ಯೂರಿಂಗ್’ಗಾಗಿ ಸಿನಿಮಾದವರು ಅದಕ್ಕೆ ಬಿಳಿಚಿದ ಮುಖ, ದಿಟ್ಟಿಸುವ ಕಣ್ಣು, ವಿಚಿತ್ರ ನಗು ಕೊಟ್ಟರು. ಬಟ್ಟೆಗೊಂಬೆಯ ಚಿತ್ರ ತೋರಿಸಿದರೆ ಐದು ವರ್ಷದ ಮಗು ಅದನ್ನು ಎತ್ತಿಕೊಳ್ಳಲು ಕೈ ಚಾಚೀತು.

ಎಂಟರಿಂದ ಹನ್ನೆರಡರ ನಡುವೆ ಭಯ ರೂಪವನ್ನು ಬಿಟ್ಟು ಸಾಧ್ಯತೆಯ ಕಡೆ ಹೊರಳುತ್ತದೆ. ಇದು ಕತೆ ಎಂದು ಮಗುವಿಗೆ ಗೊತ್ತು. ಆದರೆ ‘ನಿಜವಾಗಿ ಆಗಿಬಿಟ್ಟರೆ?’ ಎಂಬ ಪ್ರಶ್ನೆ ಬಿಡುವುದಿಲ್ಲ. ಫ್ರೆಡ್ಡಿಯ ಹಿಡಿತ ಈ ವಯಸ್ಸಿನವರ ಮೇಲೆ ಹೆಚ್ಚು. ಕೆರೆಗೆ ಹೋಗದೆ ಇರಬಹುದು, ಟೇಪ್ ನೋಡದೆ ಇರಬಹುದು, ನಿದ್ದೆ ಮಾಡದೆ ಇರಲಾದೀತೇ? ನಿರ್ದೇಶಕ ವೆಸ್ ಕ್ರೇವನ್‌ಗೆ ಫ್ರೆಡ್ಡಿಯ ಮೊದಲ ಚಿತ್ರವಾದ 1984ರ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಮಾಡಲು ಪ್ರೇರಣೆಯಾದದ್ದು ಪತ್ರಿಕಾ ವರದಿಗಳು. ಆಗ್ನೇಯ ಏಷ್ಯಾದ ಯುದ್ಧದಿಂದ ಪಾರಾಗಿ ಅಮೆರಿಕಕ್ಕೆ ಬಂದ ನಿರಾಶ್ರಿತರಲ್ಲಿ ಕೆಲವು ಯುವಕರು ನಿದ್ದೆಯಲ್ಲೇ ತೀರಿಕೊಂಡಿದ್ದರು. ಸ್ವಲ್ಪ ದೊಡ್ಡ ಮಕ್ಕಳು ಇದನ್ನು ಅಂತರ್ಜಾಲದಲ್ಲಿ ಓದಿಕೊಂಡು ‘ನೋಡಮ್ಮಾ, ನಿಜವಾಗಿ ನಡೆದಿದೆ’ ಎಂದು ಬರುತ್ತಾರೆ. ಆಗ ಕಟ್ಟುಕತೆ ಎಂದು ತಳ್ಳಿಹಾಕಬೇಡಿ. ಸಾವು ನಿಜ, ಕಾರಣ ಕನಸಲ್ಲ. ಇಂಥ ಸಾವುಗಳಿಗೂ ಬ್ರುಗಾಡಾ ಸಿಂಡ್ರೋಮ್‌ಗೂ, ಎಂದರೆ ಹೃದಯದ ಬಡಿತವನ್ನು ನಡೆಸುವ ವಿದ್ಯುತ್ ಲಯ ತಪ್ಪುವ ಒಂದು ಆನುವಂಶಿಕ ತೊಂದರೆಗೂ, ಸಂಬಂಧವಿರುವುದನ್ನು ವೈದ್ಯರು ಆಮೇಲೆ ಗುರುತಿಸಿದರು. ಇಷ್ಟು ವಿವರ ಹೇಳಿದರೆ ಹನ್ನೆರಡರ ಮಗುವಿಗೆ ನಿಮ್ಮ ಮಾತಿನ ಮೇಲೆ ಭರವಸೆ ಹುಟ್ಟುತ್ತದೆ.

ಹದಿಹರೆಯದವರ ವಿಷಯ ಬೇರೆ. ಅವರಿಗೆ ದೆವ್ವದ ಸಿನಿಮಾ ಗೆಳೆಯರ ನಡುವೆ ಧೈರ್ಯದ ಪರೀಕ್ಷೆ. ಹೆದರಿಕೆಯಿಂದ ಏರಿದ ಎದೆಬಡಿತ ದೃಶ್ಯ ಮುಗಿದ ಮೇಲೂ ತಕ್ಷಣ ಇಳಿಯುವುದಿಲ್ಲ. ಆ ಉಳಿಕೆಯೇ ನಗುವಾಗಿ, ಹುರುಪಾಗಿ ಹೊರಳುತ್ತದೆ. ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್ಮನ್ ಇದನ್ನು ‘ಉದ್ರೇಕದ ವರ್ಗಾವಣೆ’ ಎಂದು ವಿವರಿಸಿದರು. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದಲ್ಲಿ ಮಥಿಯಾಸ್ ಕ್ಲಾಸೆನ್ ಮತ್ತು ಸಂಗಡಿಗರು ಮೋಜಿಗಾಗಿ ಹೆದರುವುದನ್ನೇ ಅಧ್ಯಯನದ ವಿಷಯ ಮಾಡಿಕೊಂಡಿದ್ದಾರೆ. ತೀರಾ ಕಡಿಮೆ ಹೆದರಿದರೂ ಸಂತೋಷವಿಲ್ಲ, ತೀರಾ ಹೆಚ್ಚು ಹೆದರಿದರೂ ಇಲ್ಲ, ನಡುವೆ ಒಂದು ಹದವಿದೆ ಎನ್ನುತ್ತಾರೆ ಅವರು. ಹದಿನಾರರ ಅಣ್ಣನ ಹದ ಎಂಟರ ತಮ್ಮನಿಗೆ ವಿಷವಾಗಬಹುದು. ಮನೆಯಲ್ಲಿ ತೊಂದರೆ ಶುರುವಾಗುವುದು ಬಹಳ ಸಲ ಇಲ್ಲೇ. ದೊಡ್ಡವನು ಹಾಕಿಕೊಂಡ ಸಿನಿಮಾವನ್ನು ಚಿಕ್ಕವನು ಹೊದಿಕೆಯ ಸಂದಿಯಿಂದ ನೋಡಿರುತ್ತಾನೆ.

ಖಳರನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಪೋಷಕರಾದ ನಮಗೆ ಕಾಣಬೇಕಾದ ಇನ್ನೊಂದು ಸಾಮ್ಯವಿದೆ, ಮಕ್ಕಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಈ ಕತೆಗಳಲ್ಲೆಲ್ಲ ದೆವ್ವಕ್ಕೆ ದಾರಿ ಬಿಟ್ಟವರು ದೊಡ್ಡವರು. ಹುಡುಗನಾಗಿದ್ದಾಗ ಜೇಸನ್ ಕೆರೆಯಲ್ಲಿ ಮುಳುಗಿದ್ದು ಶಿಬಿರದ ಮಕ್ಕಳನ್ನು ನೋಡಿಕೊಳ್ಳಬೇಕಾದವರು ನೋಡದೆ ಇದ್ದಾಗ. ಸದಾಕೋಳನ್ನು ಬಾವಿಗೆ ತಳ್ಳಿದವನು ತಂದೆಯ ಸ್ಥಾನದಲ್ಲಿದ್ದವನು. ಚಕ್ಕಿಯ ಕತೆಯಾದ ‘ಚೈಲ್ಡ್ಸ್ ಪ್ಲೇ’ (1988) ಚಿತ್ರದ ಆರು ವರ್ಷದ ಆಂಡಿ, ಗೊಂಬೆ ಮಾತಾಡುತ್ತದೆ ಎಂದು ತಾಯಿಗೂ ಹೇಳುತ್ತಾನೆ, ಪೊಲೀಸರಿಗೂ ಹೇಳುತ್ತಾನೆ. ನಂಬುವವರಿಲ್ಲ. ಕೊನೆಗೊಮ್ಮೆ ತಾಯಿ ಗೊಂಬೆ ಬಂದ ಪೆಟ್ಟಿಗೆಯನ್ನು ಕೈಗೆತ್ತಿಕೊಂಡಾಗ ಒಳಗಿಂದ ಬ್ಯಾಟರಿಗಳು ಕೆಳಗೆ ಬೀಳುತ್ತವೆ. ಇಷ್ಟು ದಿನ ಮಾತಾಡಿದ ಗೊಂಬೆಗೆ ಬ್ಯಾಟರಿಯನ್ನೇ ಹಾಕಿರಲಿಲ್ಲ. ಆ ಕ್ಷಣ ಅವಳಿಗೆ ಮೈ ಜುಮ್ಮೆನ್ನುವುದು ಗೊಂಬೆಯ ದೆಸೆಯಿಂದ. ನೋಡುತ್ತಿರುವ ಮಗುವಿನ ಮನಸ್ಸಿಗೆ ನಾಟುವುದು ಮಾತ್ರ ಆಂಡಿ ಹೇಳಿದ್ದೇ ನಿಜವಾಗಿತ್ತು ಎಂಬುದು.

ಎಲ್ಮ್ ಸ್ಟ್ರೀಟಿನ ತಂದೆತಾಯಂದಿರು ಇನ್ನೂ ಒಂದು ಹೆಜ್ಜೆ ಮುಂದೆ. ಮಕ್ಕಳನ್ನು ಕೊಂದ ಫ್ರೆಡ್ಡಿ ಕಾನೂನಿನ ಕೈಯಿಂದ ತಪ್ಪಿಸಿಕೊಂಡಾಗ ಅವರೇ ಸೇರಿ ಅವನನ್ನು ಸುಟ್ಟರು, ಆ ವಿಷಯ ಮಕ್ಕಳಿಂದ ಮುಚ್ಚಿಟ್ಟರು. ಮಗಳು ನ್ಯಾನ್ಸಿ ಕನಸಿಗೆ ಹೆದರಿ ನಿದ್ದೆಗೆಟ್ಟು ಒದ್ದಾಡುತ್ತಿರುವಾಗ ತಾಯಿ ಮನೆಯ ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು ಹಾಕಿಸುತ್ತಾಳೆ. ಅವಳ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಿಲ್ಲ. ಆದರೆ ಅಪಾಯ ಬರುತ್ತಿದ್ದುದು ಕಿಟಕಿಯಿಂದ ಅಲ್ಲ. ನಾವು ಮನೆಯಲ್ಲಿ ಮಾಡುವ ಎಷ್ಟೋ ಕಟ್ಟುಪಾಡು ಈ ಜಾತಿಯವು ಎಂದು ನನ್ನ ಅನಿಸಿಕೆ.

ಹೆದರಿದ ಮಗುವಿಗೆ ‘ದೆವ್ವ ಇಲ್ಲ, ಗಿವ್ವ ಇಲ್ಲ, ಸುಮ್ನೆ ಮಲಗು’ ಎನ್ನುತ್ತೇವೆ. ಹೇಳಿದ್ದು ಸತ್ಯವೇ, ಹೊತ್ತು ಮಾತ್ರ ತಪ್ಪು. ಮಿದುಳಿನಲ್ಲಿ ಅಮಿಗ್ಡಲ ಎಂಬ ಬಾದಾಮಿ ಗಾತ್ರದ ಭಾಗವಿದೆ. ಅಪಾಯದ ಸುಳಿವು ಸಿಕ್ಕೊಡನೆ ಅದು ವಿಚಾರಶಕ್ತಿಗೆ ಕಾಯದೆ ಮೈಯನ್ನು ಎಬ್ಬಿಸಿ ನಿಲ್ಲಿಸುತ್ತದೆ. ಎದೆ ಹೊಡೆದುಕೊಳ್ಳುತ್ತಿರುವಾಗ ತರ್ಕ ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ. ‘ಇಷ್ಟು ದೊಡ್ಡವನಾಗಿ ಹೆದರ್ತೀಯಲ್ಲೋ’ ಎಂದು ಅಜ್ಜಿಯ ಮುಂದೆ, ತಂಗಿಯ ಮುಂದೆ ನಕ್ಕರೆ ಮಗು ಹೆದರುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತದೆ. ಇದಕ್ಕೆ ವಿರುದ್ಧವಾಗಿ ದಿನಾ ರಾತ್ರಿ ಟಾರ್ಚ್ ಹಿಡಿದು ಮಂಚದಡಿ, ಬೀರುವಿನೊಳಗೆ ಹುಡುಕಿ ‘ಇಲ್ಲ ನೋಡು’ ಎಂದು ತೋರಿಸುವವರೂ ಇದ್ದಾರೆ. ಒಂದು ದಿನಕ್ಕೆ ಪರವಾಗಿಲ್ಲ. ದಿನವೂ ಹುಡುಕಿದರೆ, ಅಪ್ಪನೂ ಹುಡುಕುವಂಥದ್ದು ಏನೋ ಇದ್ದೇ ಇದೆ ಎಂದು ಮಗು ಗಟ್ಟಿಮಾಡಿಕೊಳ್ಳುತ್ತದೆ.

ಊಟ ಮಾಡದ ಮಗುವಿಗೆ ‘ಗುಮ್ಮ ಬರುತ್ತೆ’ ಎನ್ನುವುದು ನಮ್ಮಲ್ಲಿ ತಲೆಮಾರುಗಳ ರೂಢಿ. ಗುಮ್ಮನನ್ನು ಕರೆಯಬೇಡವೆಂದು ಪುರಂದರದಾಸರ ಬಾಲಕೃಷ್ಣನೂ ತಾಯಿಯನ್ನು ಬೇಡಿಕೊಳ್ಳುತ್ತಾನೆ. ಈಗಿನ ಕೆಲವು ಮನೆಗಳಲ್ಲಿ ಗುಮ್ಮನ ಜಾಗಕ್ಕೆ ಮೊಬೈಲಿನಲ್ಲಿ ಆನಾಬೆಲ್ ಚಿತ್ರ ಬಂದಿದೆ. ಗುಮ್ಮನಿಗೆ ಮುಖವಿರಲಿಲ್ಲ, ಬೆಳಗಾದರೆ ಮರೆಯಾಗುತ್ತಿದ್ದ. ಪರದೆಯ ಮೇಲಿನ ಮುಖಕ್ಕೆ ವಿವರ ಹೆಚ್ಚು, ಹಾಗಾಗಿ ನೆನಪಿನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಊಟದ ಎರಡು ತುತ್ತಿಗೆ ಈ ಬೆಲೆ ಬೇಡ.

ಇನ್ನು ಪೂರ್ತಿ ನಿಷೇಧದ ಮಾತು. ವಯಸ್ಸಿಗೆ ತಕ್ಕ ಮಿತಿ ಬೇಕೇ ಬೇಕು. ಚಿತ್ರಗಳಿಗೆ ಈಗ ಯು/ಎ ಪ್ರಮಾಣಪತ್ರದಲ್ಲೇ 7+, 13+, 16+ ಎಂಬ ವಿಭಾಗಗಳಿವೆ, ‘ಎ’ ಎಂದರೆ ಹದಿನೆಂಟು ತುಂಬಿದವರಿಗೆ. ಒಟಿಟಿಯಲ್ಲೂ ಇದೇ ಬಗೆಯ ಸೂಚನೆ ಇರುತ್ತದೆ, ದೊಡ್ಡವರ ಪ್ರೊಫೈಲ್‌ಗೆ ಪಿನ್ ಹಾಕಿ ಬೀಗ ಜಡಿಯಬಹುದು. ಅದನ್ನು ಇವತ್ತೇ ಮಾಡಿ. ಆದರೆ ಮಕ್ಕಳು ಪೆನ್ನಿವೈಸನನ್ನು ಮೊದಲು ಕಾಣುವುದು ಪೂರ್ತಿ ಸಿನಿಮಾದಲ್ಲಲ್ಲ, ಗೆಳೆಯ ಕಳಿಸಿದ ಅರ್ಧ ನಿಮಿಷದ ತುಣುಕಿನಲ್ಲಿ. ತುಣುಕಿಗೆ ಪ್ರಮಾಣಪತ್ರ ಇಲ್ಲ. ಅದಕ್ಕಿಂತ ಮುಖ್ಯ, ಅದಕ್ಕೆ ಕತೆಯೂ ಇಲ್ಲ. ಮಕ್ಕಳೇ ಒಟ್ಟಾಗಿ ಅವನನ್ನು ಸೋಲಿಸುವ ಕೊನೆಯ ಭಾಗ ತುಣುಕಿನಲ್ಲಿ ಬರುವುದಿಲ್ಲ, ಹಲ್ಲು ಮಾತ್ರ ಬರುತ್ತದೆ. ಸದಾಕೋಳ ಕತೆಯಾದ 1998ರ ‘ರಿಂಗು’ ಚಿತ್ರದಲ್ಲಿ ಶಾಪದಿಂದ ಪಾರಾಗಲು ಟೇಪಿನ ಪ್ರತಿ ಮಾಡಿ ಇನ್ನೊಬ್ಬರಿಗೆ ತೋರಿಸಬೇಕು. ಹೆದರಿದ ಮಗು ಆ ತುಣುಕನ್ನು ಇನ್ನೊಬ್ಬನಿಗೆ ಕಳಿಸುವುದೂ ಇದೇ ಹಿಕ್ಮತ್ತು. ಭಯವನ್ನು ಹಂಚಿದರೆ ತನ್ನ ಪಾಲು ಕಡಿಮೆಯಾದೀತೆಂಬ ಆಸೆ. ಫೋನ್ ಕಿತ್ತುಕೊಂಡರೆ ಮುಂದಿನ ತುಣುಕನ್ನು ಅದು ನಿಮಗೆ ತೋರಿಸುವುದಿಲ್ಲ, ಅಷ್ಟೇ.

ಮತ್ತೇನು ಮಾಡಬೇಕು? ಮೊದಲ ಕೆಲಸ, ರಾತ್ರಿಯ ಮಾತನ್ನು ಹಗಲಿಗೆ ತರುವುದು. ರಾತ್ರಿ ಹೆಚ್ಚು ವಿಚಾರಣೆ ಬೇಡ. ‘ಹೆದರಿಕೆ ಆಯ್ತಾ ಪುಟ್ಟಾ, ನಾನಿದ್ದೀನಿ’ ಎಂದು ಪಕ್ಕ ಕುಳಿತು ಬೆನ್ನು ಸವರಿ. ಬಾಗಿಲು ಅರೆ ತೆರೆದಿರಲಿ, ಸಣ್ಣ ದೀಪ ಉರಿಯಲಿ. ಏಳರೊಳಗಿನ ಮಕ್ಕಳಿಗೆ ಇದೇ ನಿಜವಾದ ಔಷಧ, ವಿವರಣೆ ಅವರಿಗೆ ಅಷ್ಟಾಗಿ ಹತ್ತುವುದಿಲ್ಲ. ದೊಡ್ಡ ಮಕ್ಕಳ ಜೊತೆ ಮಾರನೆಯ ದಿನ ಸಂಜೆ ಕೂತು ಕೇಳಿ: ಆ ಖಳನ ನಿಯಮವೇನು? ಎಲ್ಲಿಗೆ ಬರಲಾರ? ಅವನಿಗೆ ಏನು ಕಂಡರೆ ಆಗದು? ಸದಾಕೋಗೂ ಅವನಿಗೂ ಜಗಳವಾದರೆ? ಮಗು ಪಾಠ ಹೇಳುವ ಮೇಷ್ಟರಾಗುತ್ತದೆ, ನೀವು ವಿದ್ಯಾರ್ಥಿ. ನಡುವೆ ಬುದ್ಧಿಮಾತು ತೂರಿಸಬೇಡಿ.

ಆಮೇಲೆ ಪರದೆಯ ಹಿಂದಿನದನ್ನು ತೋರಿಸಿ. ಅಮೆರಿಕದ ಮಕ್ಕಳ ಟಿ.ವಿ. ಕಾರ್ಯಕ್ರಮದ ಫ್ರೆಡ್ ರೋಜರ್ಸ್ 1975ರಲ್ಲಿ ಮಾರ್ಗರೆಟ್ ಹ್ಯಾಮಿಲ್ಟನ್ ಅವರನ್ನು ಕರೆಸಿದ್ದರು. ‘ದಿ ವಿಜರ್ಡ್ ಆಫ್ ಆಜ್’ನ ಮಾಟಗಾತಿಯಾಗಿ ತಲೆಮಾರುಗಳ ಮಕ್ಕಳನ್ನು ನಡುಗಿಸಿದ ನಟಿ ಅವರು. ಕಪ್ಪು ಉಡುಗೆಯನ್ನು ಮಕ್ಕಳೆದುರೇ ಒಂದೊಂದಾಗಿ ತೊಟ್ಟು ತೋರಿಸಿದರು, ಒಳಗಿದ್ದದ್ದು ನಗುಮುಖದ ಒಬ್ಬ ಅಜ್ಜಿ. ಸದಾಕೋಳ ಆ ಮುರಿದುಬಿದ್ದಂಥ ನಡಿಗೆಯ ಗುಟ್ಟೂ ಅಷ್ಟೇ ಸರಳ. ನಟಿ ಹಿಮ್ಮುಖವಾಗಿ ನಡೆದಳು, ಚಿತ್ರವನ್ನು ತಿರುಗಿಸಿ ಓಡಿಸಿದರು. ಇದನ್ನು ಮನೆಯಲ್ಲೇ ಮಾಡಬಹುದು. ಮಗು ಕೂದಲು ಮುಖದ ಮೇಲೆ ಇಳಿಬಿಟ್ಟುಕೊಂಡು ಪಡಸಾಲೆಯಲ್ಲಿ ಹಿಂದೆ ಹಿಂದೆ ನಡೆಯಲಿ, ನೀವು ಫೋನಿನಲ್ಲಿ ಹಿಡಿಯಿರಿ, ಉಲ್ಟಾ ಓಡಿಸಿ ಇಬ್ಬರೂ ನೋಡಿ. ತಾನೇ ಸದಾಕೋ ಆದ ಮಗುವಿಗೆ ಆ ರಾತ್ರಿ ಟಿ.ವಿ. ಮೊದಲಿನಷ್ಟು ಭಯ ಹುಟ್ಟಿಸುವುದಿಲ್ಲ. ಹೆದರಿಸಿದ ದೃಶ್ಯವನ್ನೇ ಮತ್ತೆ ನೋಡುವ ಹಟವಿದ್ದರೆ ಹಗಲು ಹೊತ್ತಿನಲ್ಲಿ, ನೀವು ಪಕ್ಕದಲ್ಲಿದ್ದು, ಶಬ್ದ ಪೂರ್ತಿ ತೆಗೆದು ನೋಡಲಿ. ಶಬ್ದ ಹೋದರೆ ದೆವ್ವದ ಅರ್ಧ ಜೀವ ಹೋದಂತೆ.

ಕೆಟ್ಟ ಕನಸುಗಳಿಗೆ ಚಿಕಿತ್ಸಕರು ಬಳಸುವ ಒಂದು ವಿಧಾನ ಪೋಷಕರಿಗೂ ಎಟಕುವಂಥದ್ದು. ಕನಸಿನ ಕತೆಯನ್ನು ಮಗು ಹಗಲಲ್ಲಿ ಹೇಳಲಿ ಅಥವಾ ಬರೆಯಲಿ, ಕೊನೆಯನ್ನು ತನಗೆ ಬೇಕಾದ ಹಾಗೆ ಬದಲಿಸಲಿ, ಮಲಗುವ ಮುಂಚೆ ಹೊಸ ಕತೆಯನ್ನೇ ಮನಸ್ಸಿನಲ್ಲಿ ಒಂದೆರಡು ಸಲ ಓಡಿಸಲಿ. ಹೊಸ ಕೊನೆ ಹುಟ್ಟಬೇಕಾದ್ದು ಮಗುವಿನ ತಲೆಯಿಂದ, ನಿಮ್ಮದರಿಂದಲ್ಲ. ಕೋಡಂಗಿಗೆ ಬೇಧಿ ಹತ್ತಿಸಿದರೂ ಸರಿ. ಇನ್ನೊಂದು ವ್ಯತ್ಯಾಸ ತಿಳಿದಿರಲಿ. ಕೆಟ್ಟ ಕನಸು ಬೀಳುವುದು ಹೆಚ್ಚಾಗಿ ಬೆಳಗಿನ ಜಾವದ ಕಡೆಗೆ, ಮಗು ಪೂರ್ತಿ ಎಚ್ಚೆತ್ತು ಕಂಡದ್ದನ್ನು ಹೇಳುತ್ತದೆ. ಮಲಗಿದ ಒಂದೆರಡು ಗಂಟೆಯಲ್ಲೇ ಕಣ್ಣು ತೆರೆದು ಕಿರುಚಿ, ನಿಮ್ಮ ಗುರುತೂ ಹಿಡಿಯದೆ, ಬೆಳಗ್ಗೆ ಏನೂ ನೆನಪಿಲ್ಲ ಎಂದರೆ ಅದು ಗಾಢ ನಿದ್ದೆಯಲ್ಲಿ ಬರುವ ‘ನೈಟ್ ಟೆರರ್’. ಅಲುಗಾಡಿಸಿ ಎಬ್ಬಿಸದೆ, ಬೀಳದಂತೆ ನೋಡಿಕೊಂಡರೆ ಸಾಕು. ಅದು ದೆವ್ವ ಮೆಟ್ಟಿದ ಲಕ್ಷಣವಲ್ಲ, ಬಹುತೇಕ ಮಕ್ಕಳಲ್ಲಿ ಬೆಳೆಯುತ್ತ ತಾನೇ ನಿಲ್ಲುತ್ತದೆ.

ಪೆನ್ನಿವೈಸನ ಕತೆಯಾದ 2017ರ ‘ಇಟ್’ ಚಿತ್ರದ ಒಂದು ದೃಶ್ಯವನ್ನು ಪೋಷಕರು ನೋಡಬೇಕು. ಬೆವರ್ಲಿ ಎಂಬ ಹುಡುಗಿಯ ಬಚ್ಚಲಮನೆಯ ತುಂಬ ರಕ್ತ ಚಿಮ್ಮಿದೆ. ತಂದೆ ಒಳಗೆ ಬರುತ್ತಾನೆ, ಅವನಿಗೆ ಏನೂ ಕಾಣುವುದಿಲ್ಲ. ಆಮೇಲೆ ಗೆಳೆಯರು ಬರುತ್ತಾರೆ, ಅವರಿಗೆ ಕಾಣುತ್ತದೆ. ಬಕೆಟ್ಟು, ಬಟ್ಟೆ ಹಿಡಿದು ಎಲ್ಲರೂ ಸೇರಿ ತೊಳೆಯುತ್ತಾರೆ. ಆ ತಂದೆ ಮಗಳನ್ನು ಹಿಂಸಿಸುವವನು. ಇದನ್ನು ನೆನಪಿಸಲು ಕಾರಣವಿದೆ. ಅಪರೂಪಕ್ಕೆ ಮಗು ದೆವ್ವದ ಹೆಸರಿನಲ್ಲಿ ಬೇರೆ ಯಾರನ್ನೋ ಹೇಳುತ್ತಿರುತ್ತದೆ. ಒಬ್ಬ ನಿರ್ದಿಷ್ಟ ವ್ಯಕ್ತಿ ಮನೆಗೆ ಬಂದಾಗಲೇ ಭಯ ಕೆರಳುತ್ತಿದ್ದರೆ, ಒಂದು ಜಾಗಕ್ಕೆ ಮಾತ್ರ ಹೋಗಲೊಲ್ಲೆ ಎಂದು ಹಟ ಮಾಡುತ್ತಿದ್ದರೆ, ಫ್ರೆಡ್ಡಿಯ ಮಾತು ಬಿಟ್ಟು ಅದನ್ನು ಮೆಲ್ಲಗೆ ಕೇಳಿ. ಹೇಳಿದ್ದನ್ನು ನಂಬಿ.

ಸಾಮಾನ್ಯ ಹೆದರಿಕೆ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ತಣಿಯುತ್ತದೆ. ತಿಂಗಳು ದಾಟಿದರೂ ಇಳಿಯದಿದ್ದರೆ, ಶಾಲೆ ತಪ್ಪುತ್ತಿದ್ದರೆ, ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾದರೆ, ಅಥವಾ ಭಯವೇ ಇಲ್ಲದೆ ಪ್ರಾಣಿಗಳನ್ನೋ ಚಿಕ್ಕ ಮಕ್ಕಳನ್ನೋ ನೋಯಿಸುವುದರಲ್ಲಿ ಮಗು ಖುಷಿ ಕಾಣುತ್ತಿದ್ದರೆ, ಮಕ್ಕಳ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೇ ಪ್ರತ್ಯೇಕ ವಿಭಾಗವಿದೆ. ದೂರದ ಊರಿನವರು ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಯಾರಿಂದಲೋ ಹಿಂಸೆಯಾಗುತ್ತಿದೆ ಎಂಬ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿಯ ಸಂಖ್ಯೆ 1098.